ಜಾಲಚಾಲಕಗಳಲ್ಲಿ ಸಂಪನ್ಮೂಲಗಳ ಸ್ವಯಂವಿಮೋಚನೆ

ಗಣಕಯಂತ್ರಕ್ಕೂ ಹೊರಗಿನ ಜಾಲಕ್ಕೂ ನಡುವೆ ನಿಂತು, ಬರುವ ಸಂದೇಶಗಳನ್ನು ಬರಮಾಡಿಕೊಂಡು, ಹೋಗತಕ್ಕವುಗಳನ್ನು ಕಳುಹಿಸಿಕೊಡುವ ಯಂತ್ರಭಾಗಕ್ಕೆ ನೆಟ್‌ವರ್ಕ್ ಕಾರ್ಡ್ ಎಂದು ಹೆಸರು. ಈ ಯಂತ್ರಭಾಗವು ತಾನಾಗಿ ಏನನ್ನೂ ಮಾಡಲಾರದು. ಅದನ್ನು ಎಬ್ಬಿಸಿ, ಅದಕ್ಕೆ ಅಪ್ಪಣೆಗಳನ್ನು ಕೊಟ್ಟು, ಅದು ತಂದುದನ್ನು ಮಿಕ್ಕ ಪ್ರೋಗ್ರಾಮುಗಳಿಗೆ ಮುಟ್ಟಿಸುವ ಕಾರ್ಯವು ‘ಡ್ರೈವರ್’ ಅಥವಾ ಚಾಲಕವೆಂಬ ಪ್ರೋಗ್ರಾಮಿನದು. ಇದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಒಳಗೇ ವಾಸಮಾಡುವುದು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯಂತಹ ಕಾಡಂಚಿನ ಗ್ರಾಮದಲ್ಲಿ ಒಂದು ಶಾಲೆಯಾಗಲಿ ಅಂಗಡಿಯಾಗಲಿ ಜಾಲದ ಮೂಲಕ ಹೊರಗಿನವರೊಡನೆ ವ್ಯವಹರಿಸಬೇಕಾದರೆ ಸಾಮಾನ್ಯವಾಗಿ ಗೋಡೆಗೆ ತೂಗುಹಾಕಿದ ಒಂದು ರೌಟರ್ ಪೆಟ್ಟಿಗೆ ಬೇಕು. ಇಂಥ ಪೆಟ್ಟಿಗೆಗಳಲ್ಲಿ ಬಹುಪಾಲಿನವುಗಳ ಒಳಗೆ ನಡೆಯುವುದು 1991ರಲ್ಲಿ ಲಿನುಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ಕರ್ನಲ್. ಪೆಟ್ಟಿಗೆಯೊಳಗಿನ ಚಾಲಕವು ತಪ್ಪುಮಾಡಿ ಯಂತ್ರ ಸ್ತಬ್ಧವಾದರೆ, ಅದನ್ನು ಬಲ್ಲವರು ಹಳಿಯಾಳದಿಂದಲೋ ದಾಂಡೇಲಿಯಿಂದಲೋ ಬರುವವರೆಗೆ ಕೆಲಸ ನಿಂತಿತು. ಚಾಲಕಗಳು ಮಾಡುವ ತಪ್ಪುಗಳಲ್ಲಿ ಒಂದು ದೊಡ್ಡ ವರ್ಗವು ಪಡೆದುದನ್ನು ಹಿಂದಿರುಗಿಸುವ ವಿಷಯಕ್ಕೆ ಸಂಬಂಧಿಸಿದುದು. ಆ ಹಿಂದಿರುಗಿಸುವಿಕೆಯು ತಾನಾಗಿಯೇ ನಡೆಯುವಂತೆ ಮಾಡಿರುವ ಏರ್ಪಾಡು ಎಂಥದು, ಮತ್ತು ಜಾಲಚಾಲಕಗಳ ವಿಷಯದಲ್ಲಿ ಅದಕ್ಕೆ ಇರುವ ಮಿತಿ ಯಾವುದು ಎಂಬುದು ಇಲ್ಲಿಯ ವಿಚಾರ.

ಚಾಲಕವು ಕೆಲಸಕ್ಕೆ ತೊಡಗುವ ಮುನ್ನ ಕರ್ನಲ್ಲಿನಿಂದ ಹಲವು ವಸ್ತುಗಳನ್ನು ಕಡವಾಗಿ ಪಡೆಯಬೇಕು. ತನ್ನ ಲೆಕ್ಕಗಳನ್ನಿಟ್ಟುಕೊಳ್ಳಲು ಮೆಮೊರಿ. ಕಾರ್ಡಿನ ರಿಜಿಸ್ಟರುಗಳನ್ನು ಮುಟ್ಟಲು ಒಂದು ವಿಳಾಸಶ್ರೇಣಿ. ಕಾರ್ಡಿಗೆ ತಾಳಕೊಡುವ ಕ್ಲಾಕ್. ಸಂದೇಶ ಬಂದಾಗ ಕರೆಗಂಟೆಯಂತೆ ಎಚ್ಚರಿಸುವ ಇಂಟರಪ್ಟ್. ಕಾರ್ಡು ತಾನೇ ನೇರವಾಗಿ ಬರೆಯಬಹುದಾದ ಮೆಮೊರಿಯ ಉಂಗುರಗಳು. ಎಲ್ಲಕ್ಕೂ ಕೊನೆಯಲ್ಲಿ, ಇಂಥ ಹೆಸರಿನ ಜಾಲಮುಖವೊಂದು ಸಿದ್ಧವಾಗಿದೆಯೆಂದು ಕರ್ನಲ್ಲಿನಲ್ಲಿ ನೋಂದಣಿ. ಇವುಗಳನ್ನು ಪಡೆಯುವುದಕ್ಕೆ ಒಂದು ಕ್ರಮವುಂಟು; ಬಿಡುವುದಕ್ಕೂ ಒಂದು ಕ್ರಮವುಂಟು; ಎರಡನೆಯದು ಮೊದಲನೆಯದರ ತಿರುವುಮುರುವು. ಸಾಂಬ್ರಾಣಿಯ ಮನೆಯೊಂದರಲ್ಲಿ ಮದುವೆಯೆಂದು ಭಾವಿಸಿದರೆ ವಿಷಯವು ತಿಳಿಯಾಗುವುದು. ಆ ಸೀಮೆಯಲ್ಲಿ ಹಂದರವೆಂದೂ ಮೈಸೂರು ಸೀಮೆಯಲ್ಲಿ ಚಪ್ಪರವೆಂದೂ ಕರೆಯುವುದನ್ನು ಹಾಕುವಾಗ, ಮೊದಲು ಕಂಬ ನೆಟ್ಟು, ಅನಂತರ ಅಡ್ಡಬಿದಿರುಗಳನ್ನು ಕಟ್ಟಿ, ಮೇಲೆ ಗರಿ ಹೊದಿಸಿ, ಕಡೆಯಲ್ಲಿ ನೆಂಟರನ್ನು ಕೂರಿಸುವರು. ಬಿಚ್ಚುವಾಗ ನೆಂಟರು ಮೊದಲು ಎದ್ದುಹೋಗಬೇಕು. ಆಮೇಲೆ ಗರಿ, ಅಡ್ಡ, ಕಂಬ. ಈ ಕ್ರಮ ತಪ್ಪಿ ಕಂಬವನ್ನೇ ಮೊದಲು ಕಿತ್ತರೆ ಏನಾಗುವುದೆಂಬುದನ್ನು ವಿವರಿಸಬೇಕಾದುದಿಲ್ಲ. ಜಾಲಚಾಲಕದಲ್ಲಿ ನೋಂದಣಿಯೇ ನೆಂಟರನ್ನು ಕರೆಯುವ ಕ್ಷಣ. ಅದಾದೊಡನೆಯೇ ಇತರ ಪ್ರೋಗ್ರಾಮುಗಳು ಒಳಕ್ಕೆ ಬಂದು ಕುಳಿತುಕೊಳ್ಳುವುವು.

ಲಿನಕ್ಸ್ ಬಹುಮಟ್ಟಿಗೆ ಸಿ ಭಾಷೆಯಲ್ಲಿ ಬರೆಯಲ್ಪಟ್ಟುದು. ಈ ಭಾಷೆಯಲ್ಲಿ ಪಡೆದ ವಸ್ತುವನ್ನು ಹಿಂದಿರುಗಿಸುವ ಹೊಣೆ ಪೂರ್ತಿಯಾಗಿ ಬರೆದವನದೇ. ಮೇಲೆ ಹೇಳಿದ ಹಂತಗಳಲ್ಲಿ ಯಾವುದು ಬೇಕಾದರೂ ವಿಫಲವಾಗಬಹುದು. ಆರನೆಯದು ವಿಫಲವಾದರೆ ಐದನ್ನು ಹಿಂದಿರುಗಿಸಬೇಕು. ನಾಲ್ಕನೆಯದು ವಿಫಲವಾದರೆ ಮೂರನ್ನು ಮಾತ್ರ. ಇದಕ್ಕಾಗಿ ಚಾಲಕಕಾರರು ಬಹುಕಾಲದಿಂದ ‘ಗೋಟು’ ಎಂಬ ನೆಗೆತದ ಆಜ್ಞೆಯನ್ನು ಬಳಸಿ, ಕಾರ್ಯದ ಕೊನೆಯಲ್ಲಿ ಇಳಿಗಟ್ಟೆಯ ಮೆಟ್ಟಿಲುಗಳಂತೆ ವಿಮೋಚನೆಯ ಸಾಲುಗಳನ್ನು ಜೋಡಿಸುತ್ತ ಬಂದಿರುವರು. ಎಲ್ಲಿ ಎಡವಿದರೆ ಅಲ್ಲಿಗೆ ತಕ್ಕ ಮೆಟ್ಟಿಲಿಗೆ ನೆಗೆದು ಅಲ್ಲಿಂದ ಕೆಳಕ್ಕೆ ಇಳಿಯುವುದು. ಪದ್ಧತಿಯು ಒಳ್ಳೆಯದೇ. ಆದರೆ ನಡುವೆ ಹೊಸ ಹಂತವೊಂದನ್ನು ಸೇರಿಸಿದವನು ಅದಕ್ಕೆ ತಕ್ಕ ಮೆಟ್ಟಿಲನ್ನು ಸೇರಿಸಲು ಮರೆತರೆ ಅದನ್ನು ಕಂಡುಹಿಡಿಯುವವರು ಯಾರು? ಯಂತ್ರವು ಸರಿಯಾಗಿ ಕೆಲಸಮಾಡುತ್ತಿರುವಷ್ಟು ಕಾಲ ಆ ಮೆಟ್ಟಿಲುಗಳ ಮೇಲೆ ಯಾರೂ ಕಾಲಿಡುವುದೇ ಇಲ್ಲ.

ಹಿಂದೆ ಇದು ಅಪರೂಪದ ಹಾದಿಯಾಗಿದ್ದುದು ನಿಜ. ಆದರೆ 2012ರ ಅನಂತರ ಹಾಗೆ ಹೇಳುವಂತಿಲ್ಲ. ಆ ವರ್ಷ ಲಿನಕ್ಸಿನ 3.4ನೆಯ ಆವೃತ್ತಿಯಲ್ಲಿ, ತನಗೆ ಬೇಕಾದ ಕ್ಲಾಕ್ ಮೊದಲಾದುವು ಇನ್ನೂ ಸಿದ್ಧವಾಗಿರದಿದ್ದರೆ ಚಾಲಕವು ‘ಆಮೇಲೆ ಬರುವೆನು’ ಎಂದು ಹಿಂದಿರುಗಿ ಮತ್ತೆ ಮತ್ತೆ ಪ್ರಯತ್ನಿಸುವ ಪದ್ಧತಿಯು ಬಂದಿತು. ಚಿಕ್ಕ ಯಂತ್ರಗಳಲ್ಲಿ ಪ್ರತಿಯೊಂದು ಆರಂಭದ ಸಮಯದಲ್ಲಿಯೂ ಕೆಲವು ಚಾಲಕಗಳು ಹೀಗೆ ಅರ್ಧದಿಂದ ಹಿಂದಿರುಗುವುವು. ಪ್ರತಿಯೊಂದು ಹಿಂದಿರುಗುವಿಕೆಯಲ್ಲಿಯೂ ಮರೆತ ಮೆಟ್ಟಿಲಿದ್ದರೆ ಒಂದಿಷ್ಟು ಮೆಮೊರಿ ಸೋರಿಹೋಗುವುದು. ವಿದ್ಯುತ್ತು ಮೇಲಿಂದ ಮೇಲೆ ಹೋಗುವ ಊರುಗಳಲ್ಲಿ ಇಂಥ ಸೋರಿಕೆ ಕಣ್ಣಿಗೆ ಬೀಳದಿರುವುದೂ ಉಂಟು, ಏಕೆಂದರೆ ದೀಪ ಹೋದಾಗಲೆಲ್ಲ ಮೆಮೊರಿ ಬರಿದಾಗಿ ಲೆಕ್ಕವು ಹೊಸದಾಗಿ ಆರಂಭವಾಗುವುದು. ಬ್ಯಾಟರಿಯ ಆಸರೆಯಿರುವ ಕಡೆಯಲ್ಲಿಯೇ ದೋಷವು ಬಲಿಯಲು ಅವಕಾಶ ಹೆಚ್ಚು. ಸೋರಿಕೆಗಿಂತ ಕೆಟ್ಟುದು ಅದರ ವಿಪರೀತ: ಹಿಂದಿರುಗಿಸಿದ ವಸ್ತುವನ್ನು ಮತ್ತೆ ಮುಟ್ಟುವುದು. ಬಿಟ್ಟುಕೊಟ್ಟ ಮೆಮೊರಿಯು ಅಷ್ಟರಲ್ಲಿ ಬೇರೊಬ್ಬರ ಕೈಸೇರಿರುವುದರಿಂದ, ಅಲ್ಲಿ ಬರೆದುದು ಯಾರ ಲೆಕ್ಕವನ್ನು ಕೆಡಿಸುವುದೋ ಹೇಳಲಾಗದು. ಯಂತ್ರದೊಳಕ್ಕೆ ಕಳ್ಳದಾರಿ ಹುಡುಕುವವರಿಗೂ ಇಂಥ ದೋಷಗಳೇ ಪ್ರಿಯವಾದುವು.

ಈ ತೊಡಕಿಗೆ ಒಂದು ಪರಿಹಾರವು 2007ರಲ್ಲಿ ಲಿನಕ್ಸಿನ 2.6.21ನೆಯ ಆವೃತ್ತಿಯೊಡನೆ ಬಂದಿತು. ಅದನ್ನು ರಚಿಸಿದವರು ತೇಜುನ್ ಹಿಯೋ. ಅದರ ಹೆಸರು ‘ಡೆವ್‌ರೆಸ್’, ಎಂದರೆ ಯಂತ್ರಭಾಗಕ್ಕೆ ಸೇರಿದ ಸಂಪನ್ಮೂಲ. ಅದು ಹುಟ್ಟಿದುದು ಜಾಲದ ಚಾಲಕಗಳಿಗಾಗಿ ಅಲ್ಲ, ಡಿಸ್ಕುಗಳನ್ನು ನಡೆಸುವ ಚಾಲಕಗಳಿಗಾಗಿ. ಆ ಚಾಲಕಗಳಲ್ಲಿ ಕಳಚುವ ಹಾದಿಯೂ ಆರಂಭ ವಿಫಲವಾದಾಗಿನ ಹಾದಿಯೂ ದೋಷಗಳಿಂದ ತುಂಬಿದ್ದುವು. ದಿನವಿಡೀ ಮೊಂಡು ಯಂತ್ರದೊಡನೆ ಹೆಣಗಿ ಅದು ನಡೆಯುವಂತೆ ಮಾಡಿದವನಿಗೆ, ಅದು ನಡೆಯದಿದ್ದಾಗ ಏನಾಗಬೇಕೆಂಬುದನ್ನು ಪರೀಕ್ಷಿಸುವ ತಾಳ್ಮೆ ಉಳಿದಿರುವುದಿಲ್ಲವೆಂಬುದನ್ನು ಹಿಯೋ ಅವರು ವಿನೋದವಾಗಿಯೇ ಒಪ್ಪಿಕೊಂಡಿರುವರು. ಮನುಷ್ಯಸ್ವಭಾವವನ್ನು ತಿದ್ದುವುದಕ್ಕಿಂತ ಹೊಣೆಯನ್ನೇ ಅವನಿಂದ ತೆಗೆಯುವುದು ಸುಲಭವೆಂದು ತೋರಿತು.

ಏರ್ಪಾಡು ಸರಳವಾದುದು. ಪ್ರತಿಯೊಂದು ಯಂತ್ರಭಾಗಕ್ಕೂ ಕರ್ನಲ್ಲಿನಲ್ಲಿ ಒಂದು ಪಟ್ಟಿಯಿರುವುದು. ‘ಡೆವ್‌ಎಂ’ ಎಂಬ ಮುನ್ನುಡಿಯುಳ್ಳ ಕಾರ್ಯದ ಮೂಲಕ ಚಾಲಕವು ಏನನ್ನು ಪಡೆದರೂ, ಪಡೆದ ವಸ್ತುವೂ ಅದನ್ನು ಬಿಡುವ ವಿಧಾನವೂ ಆ ಪಟ್ಟಿಯಲ್ಲಿ ದಾಖಲಾಗುವುವು. ಆರಂಭವು ನಡುವೆ ವಿಫಲವಾದರೆ, ಅಥವಾ ಚಾಲಕವನ್ನು ಯಂತ್ರದಿಂದ ಕಳಚಿದರೆ, ಕರ್ನಲ್ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಓದುತ್ತ ಒಂದೊಂದನ್ನಾಗಿ ಬಿಡುವುದು. ಮದುವೆ ಮನೆಯ ದೃಷ್ಟಾಂತದಲ್ಲಿ ಹೇಳುವುದಾದರೆ, ತಂದ ಸಾಮಾನನ್ನೆಲ್ಲ ಬರೆದಿಟ್ಟುಕೊಂಡು, ಮದುವೆ ಮುಗಿದೊಡನೆ ಕಡೆಗೆ ತಂದುದನ್ನು ಮೊದಲು ಎಂಬಂತೆ ಹೊತ್ತೊಯ್ಯುವ ಒಬ್ಬ ಗುತ್ತಿಗೆದಾರನನ್ನು ಇಟ್ಟುಕೊಂಡಂತಾಯಿತು. ಇಳಿಗಟ್ಟೆಯ ಮೆಟ್ಟಿಲುಗಳು ಮಾಯವಾದುವು. ಕಳಚುವ ಕಾರ್ಯದಲ್ಲಿ ಬರೆಯಲು ಏನೂ ಉಳಿಯದ ಚಾಲಕಗಳೂ ಉಂಟಾದುವು.

ಇದರ ಪ್ರಯೋಜನವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. ಆ ನಗರವು ಗಣಕವಿದ್ಯೆಯ ಕೇಂದ್ರವಾದ ಕಥೆಯಲ್ಲಿ ಅದು ಆರಂಭದ ಅಧ್ಯಾಯಗಳಲ್ಲೊಂದು. ಈ ಸಂಸ್ಥೆಯ ಚಿಪ್ಪುಗಳಲ್ಲಿರುವ ಈಥರ್ನೆಟ್ ಭಾಗಕ್ಕೆ ಲಿನಕ್ಸಿನಲ್ಲಿ ‘ಸಿಪಿಎಸ್‌ಡಬ್ಲ್ಯು’ ಎಂಬ ಚಾಲಕವುಂಟು. ಅದರಲ್ಲಿ ಜಾಲಮುಖದ ಮೆಮೊರಿ, ಇಂಟರಪ್ಟುಗಳು ಮೊದಲಾದುವು ಡೆವ್‌ಎಂ ಮೂಲಕ ಪಡೆದುವು. ಆದರೆ ಜಾಲದ ನೋಂದಣಿಯನ್ನು ಮಾತ್ರ ಕಳಚುವ ಕಾರ್ಯದಲ್ಲಿ ಕೈಯಿಂದಲೇ, ಅದೂ ಮೊಟ್ಟಮೊದಲ ಕೆಲಸಗಳಲ್ಲೊಂದಾಗಿ, ರದ್ದುಮಾಡಲಾಗಿದೆ. ಒಂದನ್ನು ಗುತ್ತಿಗೆದಾರನಿಗೆ ಬಿಟ್ಟು ಇನ್ನೊಂದನ್ನು ಮನೆಯ ಯಜಮಾನನೇ ಉಳಿಸಿಕೊಂಡಿರುವ ಈ ಹಂಚಿಕೆಯು ಅಕಸ್ಮಾತ್ತಾದುದಲ್ಲ.

ಸ್ವಯಂಚಾಲಿತವಾದ ಯಾವ ಏರ್ಪಾಡಾದರೂ ಒಂದು ಸೂಚನೆಯನ್ನು ಮಾತ್ರ ನೋಡಿ ನಡೆಯುವುದು. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ನೀರಿನ ಮಟ್ಟವನ್ನು ಮಾತ್ರ ಅರಿತು ತೆರೆದುಕೊಳ್ಳುತ್ತಿದ್ದುವು. ಅಲ್ಲಿ ಅರಿಯಬೇಕಾದುದೂ ಅಷ್ಟೇ ಆಗಿತ್ತು. ಡೆವ್‌ರೆಸ್ ಅರಿಯುವುದು ಯಂತ್ರಭಾಗಕ್ಕೂ ಚಾಲಕಕ್ಕೂ ಇದ್ದ ಸಂಬಂಧವು ಮುಗಿಯಿತೆಂಬುದನ್ನು ಮಾತ್ರ. ಜಾಲಚಾಲಕದಲ್ಲಿ ಅರಿಯಬೇಕಾದುದು ಅದಕ್ಕಿಂತ ಹೆಚ್ಚು. ಆ ಹೆಚ್ಚಿನದು ಎರಡು ಬಗೆಯದು.

ಮೊದಲನೆಯದು ಕ್ರಮದ ವಿಷಯ. ಕಳಚುವಾಗ ಕರ್ನಲ್ ಮೊದಲು ಚಾಲಕವು ಬರೆದಿರುವ ಕಳಚುವ ಕಾರ್ಯವನ್ನು ನಡೆಸಿ, ಅದು ಮುಗಿದ ಮೇಲೆ ಡೆವ್‌ರೆಸ್ ಪಟ್ಟಿಯನ್ನು ಕೈಗೆತ್ತಿಕೊಳ್ಳುವುದು. ಎಲ್ಲವೂ ಪಟ್ಟಿಯಲ್ಲಿದ್ದರೆ ಕ್ರಮವು ಕೆಡದು. ಏನೂ ಇಲ್ಲದಿದ್ದರೂ ಕೆಡದು. ಕೆಲವು ಮಾತ್ರ ಪಟ್ಟಿಯಲ್ಲಿದ್ದು ಕೆಲವು ಕೈಯಲ್ಲಿದ್ದಾಗಲೇ ಅಪಾಯ. ನೋಂದಣಿಯನ್ನು ಪಟ್ಟಿಗೆ ಸೇರಿಸಿ, ಕ್ಲಾಕನ್ನು ಕೈಯಿಂದ ನಿಲ್ಲಿಸುವ ಚಾಲಕವೊಂದಿದ್ದರೆ, ಕಳಚುವಾಗ ಮೊದಲು ಕ್ಲಾಕ್ ನಿಲ್ಲುವುದು. ನೋಂದಣಿಯು ಅನಂತರ ರದ್ದಾಗುವುದು. ನಡುವಿನ ಕ್ಷಣದಲ್ಲಿ ಜಾಲಮುಖವು ಇನ್ನೂ ತೆರೆದೇ ಇರುವುದರಿಂದ, ಸಂದೇಶ ಕಳುಹಿಸಲು ಯಾರಾದರೂ ಬಂದರೆ ತಾಳವಿಲ್ಲದ ರಿಜಿಸ್ಟರನ್ನು ಮುಟ್ಟಬೇಕಾಗಿ ಯಂತ್ರವು ಅಲ್ಲಿಯೇ ನಿಂತುಬಿಡಬಹುದು. ನೆಂಟರು ಪಂಕ್ತಿಯಲ್ಲಿರುವಾಗಲೇ ಕಂಬ ಕಿತ್ತಂತೆ. ಇಂಟರಪ್ಟಿನ ವಿಷಯವೂ ಹೀಗೆಯೇ: ಅದನ್ನು ಪಟ್ಟಿಗೆ ಬಿಟ್ಟು, ಅದು ಬಳಸುವ ಮೆಮೊರಿಯನ್ನು ಕೈಯಿಂದ ಬಿಟ್ಟರೆ, ಮೆಮೊರಿ ಹೋದಮೇಲೂ ಗಂಟೆ ಬಾರಿಸಬಹುದು. ಕ್ಲಾಕನ್ನು ಪಡೆದು ನಡೆಸುವ ಎರಡು ಕೆಲಸಗಳನ್ನೂ ಒಟ್ಟಾಗಿ ಪಟ್ಟಿಗೆ ಸೇರಿಸುವ ಅನುಕೂಲವು ಕರ್ನಲ್ಲಿನಲ್ಲಿ ದೊರೆತುದು 2022ರಲ್ಲಿ. ಅಲ್ಲಿಯವರೆಗೆ ಮಿಶ್ರಪದ್ಧತಿಯು ಸಾಮಾನ್ಯವಾಗಿತ್ತು.

ಇದು ಬರಿಯ ಊಹೆಯಲ್ಲವೆಂಬುದನ್ನು 2020ರಿಂದ 2022ರವರೆಗೆ ನಡೆದ ಒಂದು ಪ್ರಸಂಗವು ತೋರಿಸುವುದು. ರೌಟರ್ ಪೆಟ್ಟಿಗೆಯ ಹಿಂಬದಿಯಲ್ಲಿ ಸಾಲಾಗಿರುವ ಈಥರ್ನೆಟ್ ತೂತುಗಳ ಹಿಂದೆ ಸಾಮಾನ್ಯವಾಗಿ ಒಂದು ಸ್ವಿಚ್ ಚಿಪ್ಪು ಇರುವುದು. ತಂತಿಯ ತುದಿಯಲ್ಲಿ ಸಂಕೇತಗಳನ್ನು ಮಾರ್ಪಡಿಸುವ ಭಾಗಗಳೊಡನೆ ಮಾತನಾಡಲು ‘ಎಂಡಿಐಒ’ ಎಂಬ ಎರಡು ತಂತಿಗಳ ಕಿರುದಾರಿಯುಂಟು. ಈ ಕಿರುದಾರಿಗೆ ಮೊದಲು ಮೆಮೊರಿ ಪಡೆಯಬೇಕು, ಅನಂತರ ಅದನ್ನು ನೋಂದಾಯಿಸಬೇಕು. 2020ರವರೆಗೆ ಇದರ ಡೆವ್‌ಎಂ ರೂಪದಲ್ಲಿ ಒಂದು ಅಕ್ರಮವಿತ್ತು: ನೋಂದಣಿಯು ಪಟ್ಟಿಯಲ್ಲಿ ತನ್ನದೇ ಸಾಲನ್ನು ಪಡೆಯದೆ, ಮೆಮೊರಿಯನ್ನು ಬಿಡುವ ಕಾರ್ಯವೇ ನೋಂದಣಿಯನ್ನೂ ರದ್ದುಮಾಡುತ್ತಿತ್ತು. ಆ ವರ್ಷ ಇದನ್ನು ಶಾಸ್ತ್ರೀಯವಾಗಿ ತಿದ್ದಿ, ಎರಡಕ್ಕೂ ಬೇರೆ ಬೇರೆ ಸಾಲುಗಳನ್ನು ಕೊಡಲಾಯಿತು. ತಿದ್ದುಪಡಿಯು ನ್ಯಾಯವಾದುದೇ. ಆದರೆ ಹಲವು ಸ್ವಿಚ್ ಚಾಲಕಗಳು ಮೆಮೊರಿಯನ್ನು ಮಾತ್ರ ಪಟ್ಟಿಯ ಮೂಲಕ ಪಡೆದು ನೋಂದಣಿಯನ್ನು ಕೈಯಿಂದ ಮಾಡುತ್ತಿದ್ದುವು. ಯಂತ್ರವನ್ನು ಆರಿಸುವಾಗ ಚಾಲಕದ ನಿಲುಗಡೆಯ ಕಾರ್ಯವು ಮೊದಲು ನಡೆಯುವುದು. ಚಿಪ್ಪು ಕುಳಿತಿರುವ ದಾರಿಯೂ ಕಳಚಿಕೊಳ್ಳುವ ಯಂತ್ರಗಳಲ್ಲಿ ಅದರ ಹಿಂದೆಯೇ ಕಳಚುವ ಕಾರ್ಯವೂ ಬರುವುದು. ಎರಡನೆಯದು, ಕೆಲಸವು ಆಗಲೇ ಮುಗಿದಿದೆಯೆಂದು ತಿಳಿದು, ನೋಂದಣಿಯನ್ನು ರದ್ದುಮಾಡದೆಯೇ ಹಿಂದಿರುಗುತ್ತಿತ್ತು. ಆಮೇಲೆ ಪಟ್ಟಿಯ ಸರದಿ. ಗುತ್ತಿಗೆದಾರನು ಮೆಮೊರಿಯನ್ನು ಎತ್ತಲು ಹೋದಾಗ ಕಿರುದಾರಿಯು ಇನ್ನೂ ನೋಂದಣಿಯಲ್ಲಿದೆ! ಅಂಥ ಸ್ಥಿತಿಯಲ್ಲಿ ಮೆಮೊರಿಯನ್ನು ಬಿಡಬಾರದೆಂದು ಅಲ್ಲಿ ಕಟ್ಟುನಿಟ್ಟಾದ ಪರೀಕ್ಷೆಯೊಂದನ್ನು ಇಟ್ಟಿದ್ದುದರಿಂದ ಕರ್ನಲ್ ಕುಸಿದುಬೀಳುತ್ತಿತ್ತು.

ದೂರದ ಪೆಟ್ಟಿಗೆಯೊಂದನ್ನು ನಗರದಲ್ಲಿ ಕುಳಿತು ಮತ್ತೆ ಆರಂಭಿಸಲು ಹೊರಟವರಿಗೆ ಇದರ ಅರ್ಥವೇನೆಂಬುದು ಸ್ಪಷ್ಟ. ಆರಿಸಿದ ಯಂತ್ರವು ಹೊತ್ತಿಕೊಳ್ಳುವ ಮೊದಲೇ ದಾರಿಯಲ್ಲಿ ಬಿದ್ದರೆ, ಯಾರಾದರೂ ಅಲ್ಲಿಗೆ ನಡೆದುಹೋಗಿಯೇ ಸರಿಪಡಿಸಬೇಕು. 2021ರ ಸೆಪ್ಟೆಂಬರಿನಲ್ಲಿಯೂ 2022ರ ಫೆಬ್ರವರಿಯಲ್ಲಿಯೂ ವ್ಲಾದಿಮಿರ್ ಓಲ್ಟಿಯಾನ್ ಅವರು ಒಂದೊಂದಾಗಿ ಈ ಚಾಲಕಗಳನ್ನು ತಿದ್ದಿದರು. ತಿದ್ದಿದ ರೀತಿ ಗಮನಾರ್ಹವಾದುದು: ರಿಯಲ್‌ಟೆಕ್ ಚಿಪ್ಪುಗಳ ಚಾಲಕದಲ್ಲಿ ನೋಂದಣಿಯನ್ನೂ ಪಟ್ಟಿಗೆ ಸೇರಿಸಿದರು; ಮಾರ್ವೆಲ್ ಚಿಪ್ಪುಗಳ ಚಾಲಕದಲ್ಲಿ ಮೆಮೊರಿಯನ್ನೂ ಪಟ್ಟಿಯಿಂದ ಹೊರಕ್ಕೆ ತೆಗೆದರು. ಎರಡು ತಿದ್ದುಪಡಿಗಳು ಪರಸ್ಪರ ವಿರುದ್ಧವಾಗಿ ಕಂಡರೂ ನಿಯಮವು ಒಂದೇ: ಒಂದನ್ನೊಂದು ಅವಲಂಬಿಸಿದ ಎರಡು ವಸ್ತುಗಳು ಒಂದೇ ಕೈಯಲ್ಲಿರಬೇಕು.

ಎರಡನೆಯ ಬಗೆಯ ತೊಡಕು ಆಯುಷ್ಯದ್ದು. ಯಂತ್ರಭಾಗಕ್ಕೂ ಚಾಲಕಕ್ಕೂ ಇರುವ ಸಂಬಂಧವು ಮುಗಿದರೂ, ಚಾಲಕವು ಸೃಷ್ಟಿಸಿದ ವಸ್ತುವನ್ನು ಇನ್ನೊಬ್ಬರು ಹಿಡಿದುಕೊಂಡಿರಬಹುದು. ಯುಎಸ್‌ಬಿ ತೂತಿಗೆ ಸಿಕ್ಕಿಸಿದ ಕಾರ್ಡನ್ನು ಯಾರೋ ಸರಕ್ಕನೆ ಕಿತ್ತಾಗ ಯಂತ್ರವು ಹೋಯಿತು. ಆದರೆ ಅದರ ಮೇಲೆ ನಡೆಯುತ್ತಿದ್ದ ಸಂಭಾಷಣೆಗಳು ಆ ಕ್ಷಣಕ್ಕೆ ಮುಗಿದಿರುವುದಿಲ್ಲ. ಡೆವ್‌ರೆಸ್ ಮೂಲಕ ಪಡೆದ ಮೆಮೊರಿಯು ಹೀಗೆ ಹಿಡಿದವರ ಕೈಯಲ್ಲಿರುವಾಗಲೇ ಮಾಯವಾಗುವ ಅಪಾಯವನ್ನು ಲಾರೆಂಟ್ ಪಿನ್ಶಾರ್ ಅವರು 2022ರಲ್ಲಿ ಡಬ್ಲಿನ್ ನಗರದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ವಿವರವಾಗಿ ಎತ್ತಿ ತೋರಿಸಿದರು. ಜಾಲದ ವಿಭಾಗದವರು ಇದಕ್ಕೆ ಬಹಳ ಹಿಂದೆಯೇ ತಮ್ಮದೇ ಉಪಾಯವನ್ನು ಮಾಡಿಕೊಂಡಿದ್ದರು. ಪ್ರತಿಯೊಂದು ಜಾಲಮುಖಕ್ಕೂ ಅದನ್ನು ಹಿಡಿದಿರುವವರ ಎಣಿಕೆಯುಂಟು. ನೋಂದಣಿಯನ್ನು ರದ್ದುಮಾಡುವ ಕಾರ್ಯವು ಎಲ್ಲರಿಗೂ ಸುದ್ದಿ ಮುಟ್ಟಿಸಿ, ಅವರೆಲ್ಲರೂ ಕೈಬಿಡುವವರೆಗೆ ಕಾದುನಿಲ್ಲುವುದು. ಯಾರಾದರೂ ಬಿಡದಿದ್ದರೆ, ಇಂಥ ಮುಖವು ತೆರವಾಗುವುದನ್ನು ಕಾಯುತ್ತಿರುವೆನೆಂದು ಹತ್ತು ಸೆಕೆಂಡುಗಳಿಗೊಮ್ಮೆ ಕರ್ನಲ್ಲಿನ ದಿನಚರಿಯಲ್ಲಿ ಬರೆಯುತ್ತಿರುವುದು. ಜಾಲಯಂತ್ರಗಳನ್ನು ನೋಡಿಕೊಳ್ಳುವವರಲ್ಲಿ ಈ ಸಾಲನ್ನು ಕಾಣದವರು ವಿರಳ. ಯಜಮಾನನು ಬಾಗಿಲಲ್ಲಿ ನಿಂತು ಕಡೆಯ ನೆಂಟನನ್ನು ಕಳುಹಿಸಿಕೊಡುವ ಕೆಲಸವಿದು. ಗುತ್ತಿಗೆದಾರನಿಗೆ ಬಿಡಲು ಜಾಲದವರು ಹಿಂದೆಗೆಯುವುದು ಏಕೆಂಬುದು ಇದರಿಂದ ತಿಳಿಯಬಹುದು.

ಹಿಂದೆಗೆದರೂ ಅವರು ಬಾಗಿಲನ್ನು ಮುಚ್ಚಿಲ್ಲ. 2020ರಲ್ಲಿಯೇ, 5.8ನೆಯ ಆವೃತ್ತಿಯಲ್ಲಿ, ಜಾಲಮುಖದ ನೋಂದಣಿಗೂ ಡೆವ್‌ಎಂ ರೂಪವು ಸೇರಿತು. ಅದರೊಳಗೆ ಒಂದು ಷರತ್ತನ್ನು ಇಟ್ಟಿರುವರು: ಜಾಲಮುಖದ ಮೆಮೊರಿಯನ್ನೂ ಡೆವ್‌ಎಂ ಮೂಲಕವೇ ಪಡೆದಿರಬೇಕು, ಇಲ್ಲದಿದ್ದರೆ ಕಾರ್ಯವು ಎಚ್ಚರಿಕೆಯನ್ನು ಬರೆದು ನೋಂದಣಿಯನ್ನೇ ನಿರಾಕರಿಸುವುದು. ಮಿಶ್ರಪದ್ಧತಿಯ ಅಪಾಯಗಳಲ್ಲಿ ಒಂದನ್ನಾದರೂ ಯಂತ್ರವೇ ತಡೆಯುವಂತೆ ಮಾಡಿದ ಈ ಷರತ್ತು ಸಾವಿರ ಉಪದೇಶಗಳಿಗಿಂತ ಮೇಲು.

ಈ ಸರಣಿಯಲ್ಲಿ ಮುಂದಿನದು 2023ರಲ್ಲಿ 6.5ನೆಯ ಆವೃತ್ತಿಯೊಡನೆ ಬಂದ, ಪೀಟರ್ ಜೈಲ್‌ಸ್ಟ್ರಾ ಅವರ ಏರ್ಪಾಡು. ಡೆವ್‌ರೆಸ್ ಯಂತ್ರಭಾಗದ ಆಯುಷ್ಯವನ್ನು ಅನುಸರಿಸಿದರೆ, ಇದು ಪ್ರೋಗ್ರಾಮಿನ ಬರಹದೊಳಗಿನ ಆವರಣವನ್ನು ಅನುಸರಿಸುವುದು. ಒಂದು ಬೀಗವನ್ನು ‘ಗಾರ್ಡ್’ ಎಂಬ ಮಾತಿನಿಂದ ಹಾಕಿದರೆ, ಆ ಆವರಣದಿಂದ ಯಾವ ದಾರಿಯಲ್ಲಿ ಹೊರಬಿದ್ದರೂ ಬೀಗವು ತಾನಾಗಿ ತೆರೆದುಕೊಳ್ಳುವುದು. ಇದಕ್ಕೆ ಜಾಲದ ವಿಭಾಗವು ತನ್ನ ಕೈಪಿಡಿಯಲ್ಲಿ ಕೊಟ್ಟಿರುವ ಉತ್ತರವು ಅದರ ಸ್ವಭಾವಕ್ಕೆ ತಕ್ಕುದಾಗಿದೆ. ತಾನಾಗಿ ಶುಚಿಮಾಡುವ ಏರ್ಪಾಡುಗಳ ವಿಷಯದಲ್ಲಿ, ಡೆವ್‌ಎಂ ಅನ್ನೂ ಸೇರಿಸಿ, ಸಂಶಯವಿದೆಯೆಂದೂ, ಅವು ಒಪ್ಪತಕ್ಕವೇ ಹೊರತು ಮೆಚ್ಚತಕ್ಕವಲ್ಲವೆಂದೂ ಅಲ್ಲಿ ಹೇಳಿದೆ. 20 ಸಾಲುಗಳಿಗಿಂತ ಉದ್ದವಾದ ಕಾರ್ಯದಲ್ಲಿ ಗಾರ್ಡನ್ನು ಬಳಸದಿರುವುದು ಲೇಸು. ಆವರಣವನ್ನು ಸ್ಪಷ್ಟವಾಗಿ ಗುರುತಿಸುವ ಅದರ ಇನ್ನೊಂದು ರೂಪವು ಓದಲು ಮೇಲು. ಬೀಗ ಹಾಕಿ ತೆಗೆಯುವ ಹಳೆಯ ರೂಢಿಯೇ ಸ್ವಲ್ಪ ಹೆಚ್ಚು ಪ್ರಿಯವಾದುದು.

ಇದನ್ನು ಹಳಬರ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅವರ ವಾದದಲ್ಲಿ ತಿರುಳಿದೆ. ಚಾಲಕವನ್ನು ಬರೆಯುವವನು ಒಬ್ಬ. ಅದನ್ನು ಓದಿ ಒಪ್ಪುವವರೂ, ಹತ್ತು ವರ್ಷಗಳ ತರುವಾಯ ತಿದ್ದುವವರೂ ಹಲವರು. ಬೀಗವು ಎಲ್ಲಿ ತೆರೆಯಿತೆಂಬುದು ಬರಹದಲ್ಲಿ ಕಾಣುತ್ತಿದ್ದರೆ ಓದುವವನು ಕ್ರಮವನ್ನು ಪರೀಕ್ಷಿಸಬಲ್ಲನು, ಕಾಣದಿದ್ದರೆ ನಂಬಬೇಕಾಗುವುದು. ಉದ್ದವಾದ ಕಾರ್ಯದಲ್ಲಿ ತಲೆಯಲ್ಲಿ ಹಾಕಿದ ಬೀಗವು ಬುಡದವರೆಗೂ ಇರುವುದೆಂಬುದನ್ನು ಮರೆತು, ನಡುವೆ ಬೀಗದಡಿಯಲ್ಲಿ ಮಾಡಬಾರದ ಕೆಲಸವನ್ನು ಯಾರಾದರೂ ಸೇರಿಸಿದರೆ, ಮರೆತ ಮೆಟ್ಟಿಲಿನ ದೋಷವು ಹೋಗಿ ಬೇರೊಂದು ದೋಷವು ಬಂದಂತಾಗುವುದು. ಇನ್ನೊಂದು ಪಕ್ಷವೂ ದುರ್ಬಲವಲ್ಲ. ಚಿಕ್ಕ ಚಾಲಕಗಳನ್ನು ಬರೆಯುವವರು ಹೆಚ್ಚಾಗಿ ತಮ್ಮ ಚಿಪ್ಪನ್ನು ಬಲ್ಲವರು, ಕರ್ನಲ್ಲಿನ ಒಳಮರ್ಮವನ್ನು ಬಲ್ಲವರಲ್ಲ. ಅಂಥವರ ಕೈಯಲ್ಲಿ ಇಳಿಗಟ್ಟೆಗಿಂತ ಪಟ್ಟಿಯೇ ಕ್ಷೇಮ. ಪೂರ್ತಿಯಾಗಿ ಪಟ್ಟಿಯಲ್ಲಿರುವ ಚಿಕ್ಕ ಚಾಲಕವೂ ಪೂರ್ತಿಯಾಗಿ ಕೈಯಲ್ಲಿರುವ ದೊಡ್ಡ ಚಾಲಕವೂ ಒಟ್ಟಿನಲ್ಲಿ ಸಾಧುವಾದುವು. ದೋಷಗಳು ನೆಲಸಿರುವುದು ಇವೆರಡರ ನಡುವಣ ಪ್ರದೇಶದಲ್ಲಿ.

ಭಾಷೆಯನ್ನೇ ಬದಲಿಸಿ ನೋಡುವ ಯತ್ನವೂ ನಡೆದಿದೆ. ವಸ್ತುವಿನ ಒಡೆಯನು ಯಾರೆಂಬುದನ್ನು ತಾನೇ ಲೆಕ್ಕವಿಟ್ಟು, ಒಡೆತನ ಮುಗಿದಲ್ಲಿ ವಸ್ತುವನ್ನು ಬಿಡುವ ರಸ್ಟ್ ಎಂಬ ಭಾಷೆಗೆ 2022ರ ಡಿಸೆಂಬರಿನಲ್ಲಿ 6.1ನೆಯ ಆವೃತ್ತಿಯೊಡನೆ ಲಿನಕ್ಸಿನಲ್ಲಿ ಪ್ರವೇಶ ದೊರೆಯಿತು. 2024ರ ಮಾರ್ಚಿನಲ್ಲಿ 6.8ನೆಯ ಆವೃತ್ತಿಯಲ್ಲಿ, ಸಿ ಭಾಷೆಯಲ್ಲಿ ಮೊದಲೇ ಇದ್ದ ಏಸಿಕ್ಸ್ ಚಿಪ್ಪಿನ ಚಾಲಕವೊಂದನ್ನು ಈ ಭಾಷೆಯಲ್ಲಿ ಬರೆದು ಸೇರಿಸಿದರು. ಅದೂ ಈಥರ್ನೆಟ್ ತಂತಿಯ ತುದಿಯಲ್ಲಿ ಕುಳಿತು ಎಂಡಿಐಒ ಕಿರುದಾರಿಯ ಮೂಲಕ ಮಾತನಾಡುವ ಬಗೆಯದೇ. ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ಬರಹವನ್ನು ರಸ್ಟ್ ಭಾಷೆಯ ಕಂಪೈಲರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ತೂತಿನಿಂದ ಕಾರ್ಡನ್ನು ಕಿತ್ತುಕೊಂಡ ಕೈಯನ್ನು ಕಂಪೈಲರು ಕಾಣಲಾರದು. ಆದುದರಿಂದ ಅಲ್ಲಿಯೂ ಕಾರ್ಡಿನ ರಿಜಿಸ್ಟರುಗಳನ್ನು ಮುಟ್ಟುವ ಮೊದಲು, ಅದು ಇನ್ನೂ ಸ್ಥಾನದಲ್ಲಿದೆಯೇ ಎಂದು ವಿಚಾರಿಸಿಕೊಳ್ಳುವ ಏರ್ಪಾಡನ್ನು ಡೆವ್‌ರೆಸ್ ಪಟ್ಟಿಯೊಡನೆ ಬೇರೆಯಾಗಿ ಹೆಣೆಯಬೇಕಾಗಿ ಬಂದಿದೆ.